ಇಕ್ಕಟ್ಟಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್: ನೇರ ಗೇಜ್, ಬಗ್ಗಿದ ಗೇಜ್, ಇಲ್ಲಾ ಸ್ಕ್ರೂ ಲೆಕ್ಕ?

ಟ್ಯಾಪೆಟ್ ಸೆಟ್ಟಿಂಗ್ ಅಂದರೆ ಎಂಜಿನ್ನಿನ ವಾಲ್ವ್‌ಗೂ ಅದನ್ನು ಒತ್ತುವ ಸಣ್ಣ ಲಿವರ್, ಅಂದರೆ ರಾಕರ್‌ಗೂ ನಡುವಿನ ಗ್ಯಾಪ್ ಹೊಂದಿಸುವುದು. ಇದರಲ್ಲಿ ಕಷ್ಟ ಕೊಡುವುದು ಅಳತೆಯಲ್ಲ, ಜಾಗ. ನೀರಿನ ಪಂಪ್‌ಗೆ ಹಾಕುವ ಹೋಂಡಾ ಜಿಎಕ್ಸ್160 ಎಂಜಿನ್ನನ್ನೇ ನೋಡಿ. ನಾಲ್ಕು ಬೋಲ್ಟ್ ಬಿಚ್ಚಿ ಕವರ್ ತೆಗೆದರೆ ಎರಡೂ ರಾಕರ್ ಕಣ್ಣೆದುರಿಗೇ ಇರುತ್ತವೆ. ಗ್ಯಾಪ್ ಇನ್‌ಲೆಟ್ ವಾಲ್ವ್‌ಗೆ 0.15 ಮಿ.ಮೀ., ಎಗ್ಸಾಸ್ಟ್‌ಗೆ 0.20. ಎರಡರಲ್ಲೂ 0.02 ಆಚೀಚೆ ಆದರೆ ನಡೆಯುತ್ತದೆ. ಯಾವ ಫೀಲರ್ ಗೇಜ್ (ಗ್ಯಾಪಿಗೆ ತೂರಿಸಿ ಅಳೆಯುವ, ದಪ್ಪ ಬರೆದಿರುವ ಉಕ್ಕಿನ ಎಲೆ) ಆದರೂ ಸಾಕು.

ಅದೇ ಕೆಲಸವನ್ನು 110 ಸಿಸಿ ಸ್ಕೂಟರ್‌ನಲ್ಲಿ ಮಾಡಿ ನೋಡಿ. ಸಿಲಿಂಡರ್ ಮಲಗಿಕೊಂಡಿದೆ. ಸುತ್ತಲೂ ಫ್ರೇಮಿನ ಪೈಪು, ವೈರು, ಪ್ಲಾಸ್ಟಿಕ್. ಸೀಟಿನ ಕೆಳಗಿನ ಡಬ್ಬಿ ಎತ್ತಿಟ್ಟ ಮೇಲೆ ಇನ್‌ಲೆಟ್ ಕಡೆಗೆ ಹೇಗೋ ಕೈ ಹೋಗುತ್ತದೆ. ಎಗ್ಸಾಸ್ಟ್ ಕಡೆ ಕೆಳಗಿದೆ. ಬೆರಳು ಮುಟ್ಟಿದರೂ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಹೋಲಿಸುತ್ತಿರುವುದೆಲ್ಲ ನಮ್ಮ ಮನೆಯ ಇಂಥದ್ದೇ ಸ್ಕೂಟರ್ ಮೇಲೆ ಮಾಡಿ ನೋಡಿದ್ದು.

ಮೊದಲು ನೇರ ಫೀಲರ್ ಗೇಜ್, ಜೊತೆಗೆ ಚಿಕ್ಕ ರಿಂಗ್ ಸ್ಪ್ಯಾನರ್, ರಾಕರ್ ತುದಿಯಲ್ಲಿ ಗ್ಯಾಪ್ ಹೊಂದಿಸುವ ಸ್ಕ್ರೂ ಹಿಡಿಯಲು ಪ್ಲೇಯರ್. ಎಲ್ಲರ ಹತ್ತಿರವೂ ಇರುವ ಸಾಮಾನು. ತೆಳುವಾದ ಎಲೆಯಾದ್ದರಿಂದ ಓರೆಯಾಗಿ ತೂರಿಸಿದರೂ ಬಗ್ಗಿ ಒಳಗೆ ಹೋಗುತ್ತದೆ. ತೊಂದರೆ ಇರುವುದು ಅಲ್ಲೇ. ಬಗ್ಗಿದ ಎಲೆ ರಾಕರ್ ಅಂಚಿಗೆ ಉಜ್ಜಿ ಬಿಗಿಯಾಗಿದೆ ಅನ್ನಿಸುತ್ತದೆ. ನಿಜವಾದ ಗ್ಯಾಪ್ ಬಿಗಿಯಾಗಿರುವುದೇ ಇಲ್ಲ. ಎಲೆಯನ್ನು ಕತ್ತರಿಯಿಂದ ಅರ್ಧ ಅಗಲಕ್ಕೆ ಕತ್ತರಿಸಿ, ಅಂಚನ್ನು ಎಣ್ಣೆಕಲ್ಲಿಗೆ ಉಜ್ಜಿಕೊಂಡರೆ ಸ್ವಲ್ಪ ವಾಸಿ. ಇನ್‌ಲೆಟ್‌ಗೆ ಇದು ಸಾಕು. ಎಗ್ಸಾಸ್ಟ್‌ಗೆ ಬೇಡವೇ ಬೇಡ.

ಬಗ್ಗಿದ ಗೇಜ್ ಅಂದರೆ ತುದಿಯಲ್ಲಿ ಮಡಚಿದ ಎಲೆಗಳ ಸೆಟ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಬಹುದು. ಕೈ ಮೇಲಿದ್ದರೂ ತುದಿ ಗ್ಯಾಪಿಗೆ ನೇರವಾಗಿ ಕೂರುತ್ತದೆ. ಉಜ್ಜುವ ಅನುಭವ ನಿಜದ್ದಾಗಿರುತ್ತದೆ, ಹಾಗಾಗಿ ನಂಬಬಹುದು. ಎಗ್ಸಾಸ್ಟ್ ಕಡೆಯೂ ಕಾಣದೆಯೇ ಅಳೆಯಲು ಆಗುತ್ತದೆ. ದುಡ್ಡು ಕೊಟ್ಟು ಗೇಜ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಆದರೆ ಜನ ಗೇಜಿನ ಬಗ್ಗೆ ಮಾತಾಡುವಷ್ಟು ಲಾಕ್ ನಟ್ (ಸ್ಕ್ರೂ ಅಲುಗದಂತೆ ಹಿಡಿದಿಡುವ ನಟ್) ಬಗ್ಗೆ ಮಾತಾಡುವುದಿಲ್ಲ, ಅದೇ ವಿಚಿತ್ರ. ಗ್ಯಾಪ್ ಸರಿಯಾಗಿ ಸಿಕ್ಕಿತು ಅಂದುಕೊಳ್ಳಿ. ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಜೊತೆಗೇ ಕೂದಲೆಳೆಯಷ್ಟು ತಿರುಗುತ್ತದೆ. ಗ್ಯಾಪ್ ಹೋಯಿತು. ಮತ್ತೆ ಮೊದಲಿಂದ. ಇಕ್ಕಟ್ಟಿನಲ್ಲಿ ಪ್ಲೇಯರ್‌ನಿಂದ ಚಿಕ್ಕ ಚೌಕದ ಸ್ಕ್ರೂ ತಲೆ ಹಿಡಿಯುವುದು ದೊಡ್ಡ ಪಾಡು. ಅದು ಜಾರುತ್ತದೆ, ಮೂಲೆಗಳನ್ನೂ ತಿನ್ನುತ್ತದೆ. ಇದಕ್ಕೆ ಟ್ಯಾಪೆಟ್ ಟೂಲ್ ಬರುತ್ತದೆ. ಹೊರಗೆ ನಟ್ಟಿಗೆ ಸಾಕೆಟ್, ಅದರ ನಡುವಿನಿಂದ ಸ್ಕ್ರೂ ತಲೆಗೆ ಕೂರುವ ಕಡ್ಡಿ. ಒಂದು ಕೈಯಲ್ಲಿ ಕಡ್ಡಿ ಅಲುಗಾಡದಂತೆ ಹಿಡಿದು ಇನ್ನೊಂದರಲ್ಲಿ ನಟ್ ಬಿಗಿ ಮಾಡಬಹುದು. ನನ್ನ ಲೆಕ್ಕದಲ್ಲಿ ಒಳ್ಳೆಯ ಗೇಜಿಗಿಂತ ಮೊದಲು ಇದು ಬೇಕು. ನೇರ ಗೇಜ್ ಜೊತೆ ಈ ಟೂಲ್ ಇದ್ದರೆ, ಬಗ್ಗಿದ ಗೇಜ್ ಜೊತೆ ಪ್ಲೇಯರ್ ಇರುವುದಕ್ಕಿಂತ ಕೆಲಸ ಚೆನ್ನಾಗಿ ಆಗುತ್ತದೆ. ಕೊಳ್ಳುವ ಮುಂಚೆ ಹಿಡಿಯ ಉದ್ದ ನೋಡಿಕೊಳ್ಳಿ, ಉದ್ದನೆಯದು ಫ್ರೇಮಿಗೆ ತಗಲುತ್ತದೆ.

ಇನ್ನು ಗೇಜೇ ಇಲ್ಲದ ದಾರಿ, ಸ್ಕ್ರೂ ಲೆಕ್ಕ. ಸ್ಕ್ರೂವಿನ ಪಿಚ್, ಅಂದರೆ ಮರೆಯಿಂದ ಮರೆಗೆ ಇರುವ ಅಂತರ, 0.5 ಮಿ.ಮೀ. ಆಗಿದ್ದರೆ ಒಂದು ಪೂರ್ತಿ ಸುತ್ತಿಗೆ ಅದು 0.5 ಮಿ.ಮೀ. ಸರಿಯುತ್ತದೆ. ಹತ್ತನೇ ಒಂದು ಸುತ್ತು, ಅಂದರೆ 36 ಡಿಗ್ರಿ ತಿರುಗಿಸಿದರೆ 0.05. ಗಡಿಯಾರದ ಮುಖವನ್ನು ನೆನೆಸಿಕೊಂಡರೆ ನಿಮಿಷದ ಮುಳ್ಳಿನ 6 ನಿಮಿಷ. 0.10 ಬೇಕಾದರೆ 12 ನಿಮಿಷ. ಸ್ಕ್ರೂವನ್ನು ಮೆಲ್ಲಗೆ ವಾಲ್ವ್ ಮುಟ್ಟುವವರೆಗೆ ತಿರುಗಿಸಿ ಸೊನ್ನೆ ಮಾಡಿ, ಅಲ್ಲಿಂದ ಅಷ್ಟು ಹಿಂದಕ್ಕೆ ತಿರುಗಿಸಿದರೆ ಆಯಿತು. ಟೂಲಿನ ಹಿಡಿಗೆ ಬಣ್ಣದ ಗೀಟು ಎಳೆದುಕೊಂಡು, ಕಾರ್ಡ್‌ಬೋರ್ಡ್ ಮುಖದ ಮೇಲೆ ನೋಡುತ್ತಾ ತಿರುಗಿಸಿದೆ.

ಇದು ನನಗೆ ತುಂಬ ಹಿಡಿಸಿತು, ಕಾರಣವೂ ಇದೆ. ಹಳೆಯ ಎಂಜಿನ್‌ನಲ್ಲಿ ಸ್ಕ್ರೂ ತುದಿ ಸವೆದು ಗುಳಿ ಬಿದ್ದಿರುತ್ತದೆ. ಚಪ್ಪಟೆ ಎಲೆ ಗುಳಿಯ ಅಂಚುಗಳ ಮೇಲೆ ನಿಂತು ಅಳೆಯುತ್ತದೆ. ಗೇಜ್ 0.10 ಹೇಳಿದರೂ ನಿಜ ಗ್ಯಾಪ್ ಅದಕ್ಕಿಂತ ಜಾಸ್ತಿ. ಸೆಟ್ ಮಾಡಿದ ಮೇಲೂ ಟಕಟಕ ಹೋಗುವುದಿಲ್ಲ ಅನ್ನುವವರು ಒಮ್ಮೆ ಸ್ಕ್ರೂ ತುದಿ ನೋಡಬೇಕು. ಸ್ಕ್ರೂ ಲೆಕ್ಕಕ್ಕೆ ಈ ಮೋಸ ಇಲ್ಲ. ಆದರೆ ಸೊನ್ನೆ ಎಲ್ಲಿ ಅನ್ನುವುದು ಕೈಯ ಅಂದಾಜು. ಸ್ವಲ್ಪ ಒತ್ತಿಬಿಟ್ಟರೆ ಗ್ಯಾಪ್ ಕಡಿಮೆ ಬೀಳುತ್ತದೆ. ಕಡಿಮೆ ಗ್ಯಾಪ್ ಸದ್ದು ಮಾಡುವುದಿಲ್ಲ, ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಆದ್ದರಿಂದ ಕೈ ಪಳಗುವವರೆಗೆ ಕೊನೆಗೆ ಗೇಜ್ ತೂರಿಸಿ ನೋಡಿ. ಇನ್ನೊಂದು ಮಾತು: ಜಿಎಕ್ಸ್160ರಲ್ಲಿ ತಿರುಗಿಸುವುದು ರಾಕರ್ ನಡುವಿನ ಪಿವಟ್ ನಟ್ಟನ್ನು. ಅದು ಸರಿದಷ್ಟಕ್ಕಿಂತ ಜಾಸ್ತಿ ವಾಲ್ವ್ ತುದಿಯ ಗ್ಯಾಪ್ ಬದಲಾಗುತ್ತದೆ. ಈ ಲೆಕ್ಕ ಅಲ್ಲಿಗೆ ಹಾಗೇ ಒಗ್ಗುವುದಿಲ್ಲ.

ಹಳೇ ಎರಕದ ಕಬ್ಬಿಣದ ಬುಲೆಟ್ ಇಟ್ಟುಕೊಂಡವರು ಇದನ್ನೆಲ್ಲ ಓದಿ ನಗಬಹುದು. ಪುಷ್‌ರಾಡ್ (ಕೆಳಗಿನಿಂದ ರಾಕರನ್ನು ತಳ್ಳುವ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಅಷ್ಟೇ ಅವರ ಗೇಜ್!

ಯಾವ ದಾರಿ ಹಿಡಿದರೂ ಎಂಜಿನ್ ತಣ್ಣಗಿರಬೇಕು. ಹೋಂಡಾ ಮ್ಯಾನುಯಲ್‌ಗಳು 35 ಡಿಗ್ರಿಗಿಂತ ಕೆಳಗೆ ಅನ್ನುತ್ತವೆ. ರಾಯಚೂರಿನ ಬೇಸಿಗೆಯಾದರೆ ಬೆಳಗಿನ ಜಾವವೇ ಕೂರಬೇಕು, ಅಲ್ವಾ? ಮ್ಯಾಗ್ನೆಟ್ (ಫ್ಲೈವೀಲ್) ಮೇಲಿನ ಟಿ ಗುರುತು, ಅಂದರೆ ಪಿಸ್ಟನ್ ಪೂರ್ತಿ ಮೇಲಿದೆ ಅನ್ನುವ ಗುರುತು, ಎಂಜಿನ್ ಮೈಮೇಲಿನ ಗುರುತಿಗೆ ಸೇರಿದಾಗ ಎರಡೂ ರಾಕರ್ ಅಲ್ಲಾಡಬೇಕು. ಒಂದು ಬಿಗಿಯಾಗಿದ್ದರೆ ಇನ್ನೊಂದು ಸುತ್ತು ಮುಂದಕ್ಕೆ ತಿರುಗಿಸಿ. ಗ್ಯಾಪಿನ ಅಂಕಿಯನ್ನು ನಿಮ್ಮ ಗಾಡಿಯ ಮ್ಯಾನುಯಲ್‌ನಿಂದಲೇ ತಗೊಳ್ಳಿ, ಪಕ್ಕದ ಮನೆ ಗಾಡಿಯದ್ದು ಬೇಡ. ನಟ್ ಬಿಗಿಯಾದ ಮೇಲೆ ಎಂಜಿನ್ ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಟಿ ಗುರುತಿಗೆ ತಂದು ಮತ್ತೆ ಅಳೆಯಿರಿ. ಕವರ್ ಮುಚ್ಚುವುದು ಆಮೇಲೆ.