ಸಂಜೆ ನಾಲ್ಕೂವರೆಯ ಆರಾಧನೆ: ದಾದರಿನ ಒಂದು ಕನ್ನಡ ಸಭೆಯಲ್ಲಿ ಆರು ಭಾನುವಾರ

ಹೋಟೆಲು ಕೆಲಸಕ್ಕೆಂದು ಮುಂಬೈಗೆ ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಮನೆಯವರ ಚಿಕಿತ್ಸೆಗಾಗಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಂದು ತಿಂಗಳುಗಟ್ಟಲೆ ಉಳಿಯಬೇಕಾದವರು, ಹೀಗೆ ಕನ್ನಡ ಮಾತನಾಡುವ ಕ್ರೈಸ್ತರು ಯಾರೇ ಆಗಲಿ, ಮೊದಲ ಭಾನುವಾರ ಹತ್ತಿರವಾದಾಗ ಇಲ್ಲಿ ಕನ್ನಡದಲ್ಲಿ ಆರಾಧನೆ ಎಲ್ಲಿ ನಡೆಯುತ್ತದೆ ಎಂದು ವಿಚಾರಿಸುತ್ತಾರೆ. ಧಾರವಾಡದಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿರುವ ನನ್ನನ್ನೂ ಹಲವರು ಹೀಗೆ ಕೇಳಿದ್ದಾರೆ. ಅವರಿಗೆ ನೆರವಾಗಲೆಂದು, ದಾದರ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿರುವ ಒಂದು ಸಭೆಯ ಸಂಜೆಯ ಆರಾಧನೆಗೆ ಎರಡು ತಿಂಗಳ ಅವಧಿಯಲ್ಲಿ ಆರು ಸಲ ಹೋಗಿ ಕಂಡದ್ದನ್ನು ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸಭೆಯ ಹೆಸರನ್ನು ಬಿಟ್ಟಿದ್ದೇನೆ. ಈ ಸಭೆಗೆ ಸ್ವಂತ ಕಟ್ಟಡವಿಲ್ಲ; ಬೆಳಿಗ್ಗೆ ಮರಾಠಿ ಆರಾಧನೆ ನಡೆಯುವ ದೇವಾಲಯವನ್ನೇ ಇವರು ಸಂಜೆ ಬಾಡಿಗೆಗೆ ಪಡೆಯುತ್ತಾರೆ.

ಆರಾಧನೆಯ ಬಗ್ಗೆ ಗುಣದೋಷ ಹೇಳುವುದು ಸಲ್ಲದು ಎಂದು ನಮ್ಮಲ್ಲಿ ಕೆಲವರು ನಂಬಿದ್ದಾರೆ. ಆದರೆ ಆರಾಧನೆಯನ್ನು ಕುರಿತ ಅತ್ಯಂತ ಕಟುವಾದ ಮಾತುಗಳು ಸತ್ಯವೇದದಲ್ಲಿಯೇ ಇವೆ. ನ್ಯಾಯವು ನೀರಿನಂತೆ ಹರಿಯದ ಊರಿನಲ್ಲಿ ನಿಮ್ಮ ಹಬ್ಬಗಳೂ ಹಾಡುಗಳ ಗದ್ದಲವೂ ನನಗೆ ಬೇಡ ಎಂದು ದೇವರು ಹೇಳುವುದನ್ನು ಆಮೋಸನ ಪ್ರವಾದನೆಯ ಐದನೆಯ ಅಧ್ಯಾಯದಲ್ಲಿ ಓದುತ್ತೇವೆ. ಪೌಲನಂತೂ ಕೊರಿಂಥದ ಸಭೆಗೆ, ನೀವು ಕೂಡಿಬರುವುದರಿಂದ ಒಳ್ಳೆಯದಕ್ಕಿಂತ ಕೆಡುಕೇ ಆಗುತ್ತಿದೆ ಎಂದು ನೇರವಾಗಿ ಬರೆದನು. ಅವನ ಆ ಮಾತಿಗೆ ಮುಂದೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯ ಆಕ್ಷೇಪಣೆಯೂ ಅದೇ ಜಾಗದಲ್ಲಿದೆ.

ಮೊದಲು ಸಮಯದ ವಿಷಯ. ಆರಾಧನೆ ಆರಂಭವಾಗುವುದು ಸಂಜೆ ನಾಲ್ಕೂವರೆಗೆ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ರಾತ್ರಿಯವರು ಬರುವುದರೊಳಗೆ ಹೋಟೆಲಿನವರಿಗೆ ಸಿಗುವ ಎರಡು ಮೂರು ಗಂಟೆಯ ಬಿಡುವನ್ನು ನೋಡಿಯೇ ಹಿರಿಯರು ಈ ಹೊತ್ತನ್ನು ಆರಿಸಿದ್ದಾರೆ. ಹಳಿಗಳ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕ್ ಕೂಡ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಈ ನಗರದ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ. ಹೋಟೆಲಿನಲ್ಲಿ ತಟ್ಟೆ ತೊಳೆಯುವವನಿಗೆ ಭಾನುವಾರವೇ ಹೆಚ್ಚಿನ ಕೆಲಸ. ರಜೆಯಿಲ್ಲದವರ ಆರಾಧನೆ ಎಂಬುದು ಕ್ರೈಸ್ತರಿಗೆ ಹೊಸತೂ ಅಲ್ಲ. ರೋಮ್ ಸಾಮ್ರಾಜ್ಯದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ; ಅದಕ್ಕೆ ಮೊದಲಿನ ಸುಮಾರು ಮುನ್ನೂರು ವರ್ಷ ವಿಶ್ವಾಸಿಗಳು ಕೆಲಸದ ದಿನದಲ್ಲಿಯೇ ಹೊತ್ತು ಮಾಡಿಕೊಂಡು ಕೂಡುತ್ತಿದ್ದರು. ಬಿಥೂನಿಯದ ಅಧಿಪತಿಯಾಗಿದ್ದ ಪ್ಲೀನಿ ಸುಮಾರು 112ರಲ್ಲಿ ತ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಇವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನನ್ನು ದೇವರೆಂದು ಸ್ತುತಿಸಿ ಒಬ್ಬರಿಗೊಬ್ಬರು ಪ್ರತಿಯಾಗಿ ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ಆದ್ದರಿಂದ ನಾಲ್ಕೂವರೆಯ ಹೊತ್ತನ್ನು ಕೇವಲ ಅನುಕೂಲದ ಏರ್ಪಾಡೆಂದು ನಾನು ನೋಡುವುದಿಲ್ಲ. ಈ ಸಭೆ ಆರಾಧನೆಯನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದು ಗಡಿಯಾರದಲ್ಲಿಯೇ ಕಾಣುತ್ತದೆ.

ಆರಾಧನೆಯ ಕ್ರಮ ಹಳೆಯದು, ಗಟ್ಟಿಯಾದದ್ದು. ಕೀರ್ತನೆಯೊಂದರ ಮೂಲಕ ಆರಾಧನೆಗೆ ಕರೆ, ಪಾಪನಿವೇದನೆ, ಕ್ಷಮೆಯ ಘೋಷಣೆ, ಸತ್ಯವೇದ ವಾಚನ, ಪ್ರಸಂಗ, ವಿಶ್ವಾಸ ಪ್ರಮಾಣ, ವಿಜ್ಞಾಪನೆ, ಕಾಣಿಕೆ, ಆಶೀರ್ವಾದ, ಹೀಗೆ ಸಾಗುತ್ತದೆ. ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನವೂ ಇರುತ್ತದೆ. ನಾನು ಹೋದ ಎರಡನೆಯ ವಾರ ಸಭಾಪಾಲಕರು ಈ ಕ್ರಮವನ್ನೇ ಪ್ರಸಂಗದಲ್ಲಿ ವಿವರಿಸಿದರು, ಮತ್ತು ಆರು ಪ್ರಸಂಗಗಳಲ್ಲಿ ಅದೇ ಶ್ರೇಷ್ಠವಾದದ್ದು. ಆರಾಧನೆ ಎಂಬ ನಮ್ಮ ಮಾತಿನ ಮೂಲದಲ್ಲಿ ಮೆಚ್ಚಿಸುವುದು, ಪ್ರಸನ್ನಗೊಳಿಸುವುದು ಎಂಬ ಅರ್ಥವಿದೆ. ಆದರೆ ನಮ್ಮ ಕ್ರಮದಲ್ಲಿ ಮೊದಲ ಮಾತು ನಮ್ಮದಲ್ಲ, ಕರೆಯುವವನು ದೇವರು, ಮಾಡುವುದನ್ನೆಲ್ಲ ಆತನು ಮೊದಲೇ ಮಾಡಿಟ್ಟಿದ್ದಾನೆ, ಹಾಡಿದರೂ ಕೊಟ್ಟರೂ ಮೊಣಕಾಲೂರಿದರೂ ನಾವು ಮಾಡುವುದು ಉತ್ತರ ಕೊಡುವುದಷ್ಟೆ ಎಂದು ಅವರು ಹೇಳಿದಾಗ, ಬಾಲ್ಯದಿಂದ ಬಾಯಿಪಾಠವಾಗಿದ್ದ ಕ್ರಮ ನನಗೆ ಹೊಸದಾಗಿ ಕಾಣಿಸಿತು. ಇಬ್ರಿಯ ಭಾಷೆಯ ಅವೋದಾ ಎಂಬ ಮಾತಿಗೆ ಹೊಲದ ದುಡಿಮೆ, ಐಗುಪ್ತದ ಜೀತ, ದೇವರ ಸೇವೆ ಎಂಬ ಮೂರೂ ಅರ್ಥಗಳುಂಟು ಎಂಬುದನ್ನೂ ಅವರು ತಿಳಿಸಿದರು. ಹನ್ನೆರಡನೆಯ ಶತಮಾನದ ಶರಣರಿಂದ ಕಾಯಕವೆಂಬ ಮಾತನ್ನು ಪಡೆದಿರುವ ಕನ್ನಡಿಗರಿಗೆ ಇದು ಬೇಗ ಹಿಡಿಸುತ್ತದೆ. ಎರಡೂ ಒಂದೇ ಎಂದು ಅವರು ಹೇಳಲಿಲ್ಲ; ಆ ಎಚ್ಚರ ನನಗೆ ಮೆಚ್ಚುಗೆಯಾಯಿತು. ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಪೌಲನು ದೇಹವನ್ನೇ ಸಜೀವಯಜ್ಞವಾಗಿ ಒಪ್ಪಿಸಿರಿ ಎನ್ನುತ್ತಾನಲ್ಲ, ಆ ದೇಹ ಸೋಮವಾರ ಬೆಳಿಗ್ಗೆ ಕಲ್ಲಿನ ಮುಂದೆ ಕೂತು ಹಿಟ್ಟು ರುಬ್ಬುವ ದೇಹವೇ ಎಂದು ಅವರು ಸೇರಿಸಿದಾಗ ಹಿಂದಿನ ಬೆಂಚಿನಲ್ಲಿದ್ದ ಹೋಟೆಲಿನ ಹುಡುಗರು ತಲೆಯೆತ್ತಿ ನೋಡಿದರು.

ಹಾಡುಗಾರಿಕೆಯ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಕಾಲದಿಂದ ಕನ್ನಡ ಕ್ರೈಸ್ತರಿಗೆ ಎರಡು ಬಗೆಯ ಹಾಡುಗಳು ಬಳುವಳಿಯಾಗಿ ಬಂದಿವೆ. ಒಂದು, ಜರ್ಮನ್ ಮತ್ತು ಇಂಗ್ಲಿಷ್ ರಾಗಗಳಿಗೆ ಕನ್ನಡ ಮಾತನ್ನು ಹೊಂದಿಸಿದ ಸಂಗೀತಗಳು. ಇವುಗಳಲ್ಲಿ ಹ್ರಸ್ವವಿರಬೇಕಾದಲ್ಲಿ ಸ್ವರ ಎಳೆದು, ದೀರ್ಘವಿರಬೇಕಾದಲ್ಲಿ ತುಂಡಾಗಿ, ಮಾತಿನ ಜೀವ ಕೆಲವೊಮ್ಮೆ ಹೋಗಿಬಿಡುತ್ತದೆ. ಇನ್ನೊಂದು, ನಮ್ಮ ರಾಗ ತಾಳಗಳಲ್ಲಿಯೇ ಹುಟ್ಟಿದ ಭಜನೆಗಳು. ನಿಘಂಟಿನ ಕಿಟ್ಟೆಲ್ ಅವರೇ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಕಾವ್ಯದ ಛಂದಸ್ಸಿನಲ್ಲಿ ಬರೆದು ಈ ಎರಡನೆಯ ದಾರಿಗೆ ಗೌರವ ತಂದರು. ಈ ಸಭೆಯಲ್ಲಿ ಮೊದಲ ಅರ್ಧಗಂಟೆ ಕೀಬೋರ್ಡು, ಡ್ರಮ್ಸು, ನಾಲ್ಕು ಮೈಕುಗಳೊಂದಿಗೆ ಯುವಕರ ತಂಡ ಹಾಡುತ್ತದೆ. ಅವರ ಶ್ರದ್ಧೆ ನಿಜವಾದದ್ದು. ಶನಿವಾರ ರಾತ್ರಿ ಅಭ್ಯಾಸ ಮಾಡಿ ಬರುತ್ತಾರೆ. ಆದರೆ ಧ್ವನಿವರ್ಧಕದ ಸದ್ದು ಎಷ್ಟಿರುತ್ತದೆಂದರೆ ನನ್ನ ಪಕ್ಕದ ಅಜ್ಜಿ ಹಾಡುತ್ತಿದ್ದಾರೋ ಇಲ್ಲವೋ ಎಂದು ಅವರ ತುಟಿ ನೋಡಿಯೇ ತಿಳಿಯಬೇಕು. ಪ್ಲೀನಿ ಕಂಡಂತೆ ಒಬ್ಬರಿಗೊಬ್ಬರು ಪ್ರತಿಯಾಗಿ ಹಾಡಬೇಕಾದರೆ ಒಬ್ಬರು ಇನ್ನೊಬ್ಬರ ದನಿಯನ್ನು ಕೇಳಬೇಕು. ನಾಲ್ಕನೆಯ ವಾರ ವಿದ್ಯುತ್ತು ಹೋಯಿತು. ಹಾರ್ಮೋನಿಯಂ ಒಂದನ್ನೇ ಇಟ್ಟುಕೊಂಡು ಎಲ್ಲರೂ ಹಾಡಿದರು. ಬೀದರಿನವರ ಉಚ್ಚಾರ, ಉಡುಪಿಯವರ ಉಚ್ಚಾರ, ಗದಗಿನವರ ಉಚ್ಚಾರ ಬೇರೆಬೇರೆಯಾಗಿ ಕೇಳಿಸುತ್ತಲೇ ಒಂದು ಹಾಡಾಯಿತು. ಆರು ವಾರಗಳಲ್ಲಿ ಸಭೆಯೇ ಹಾಡಿದ್ದನ್ನು ನಾನು ಕೇಳಿದ್ದು ಅಂದು ಮಾತ್ರ.

ಕರ್ತನ ಪ್ರಾರ್ಥನೆಯಲ್ಲಿಯೂ ಇಂಥದೊಂದು ಬೆರಕೆ ಇದೆ. ಕನ್ನಡ ಬಲಿಪೂಜೆ ಸಿಗದೆ ಇಲ್ಲಿಗೆ ಬರುವ ಕೆಲವು ಕಥೋಲಿಕರು ‘ಸ್ವರ್ಗದಲ್ಲಿರುವ’ ಎಂದು ಆರಂಭಿಸುತ್ತಾರೆ, ಉಳಿದವರು ‘ಪರಲೋಕದಲ್ಲಿರುವ’ ಎನ್ನುತ್ತಾರೆ, ‘ನಮ್ಮ ತಂದೆಯೇ’ ಎಂಬಲ್ಲಿ ಎಲ್ಲರೂ ಸೇರುತ್ತಾರೆ. ಯಾರೂ ಯಾರನ್ನೂ ತಿದ್ದುವುದಿಲ್ಲ.

ಇನ್ನು ಮುಖ್ಯ ಆಕ್ಷೇಪಣೆ. ಮೊದಲ ತಿಂಗಳ ಕರ್ತನ ಭೋಜನದ ದಿನ ಪ್ರಸಂಗ ಐವತ್ತು ನಿಮಿಷಕ್ಕೆ ಬೆಳೆಯಿತು. ಆಮೇಲೆ ಕಾಣಿಕೆಯ ಹೊತ್ತಿನಲ್ಲಿ ವಿಶೇಷ ಕಾಣಿಕೆ ಕೊಟ್ಟವರ ಹೆಸರುಗಳನ್ನು ಓದಿದರು, ಅದಕ್ಕೆ ಇನ್ನೂ ಹತ್ತು ನಿಮಿಷ. ರೊಟ್ಟಿ ಮುರಿಯುವ ಹೊತ್ತಿಗೆ ಆರೂಕಾಲು ದಾಟಿತ್ತು. ಅಷ್ಟರೊಳಗೆ ಹಿಂದಿನ ಬೆಂಚಿನಿಂದ ಮೂವರು ಹುಡುಗರು ಎದ್ದು, ತಲೆಬಾಗಿ, ಸದ್ದಿಲ್ಲದೆ ಹೊರಟುಹೋದರು. ಆರೂವರೆಗೆ ಅವರು ಹೋಟೆಲಿನಲ್ಲಿರಬೇಕು. ಕೊರಿಂಥದಲ್ಲಿ ನಡೆದದ್ದೂ ಇದೇ. ಬಿಡುವಿದ್ದ ಅನುಕೂಲಸ್ಥರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು, ಅದಕ್ಕಾಗಿಯೇ ಪೌಲನು ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಎಂದು ಬರೆದನು. ಯಾರಿಗಾಗಿ ನಾಲ್ಕೂವರೆಯ ಹೊತ್ತನ್ನು ಇಟ್ಟರೋ ಅವರೇ ಮೇಜಿನಿಂದ ಹೊರಗುಳಿದ ದಿನ, ಹಾಡು ಎಷ್ಟೇ ಚೆನ್ನಾಗಿರಲಿ, ಪ್ರಸಂಗ ಎಷ್ಟೇ ಆಳವಾಗಿರಲಿ, ಆರಾಧನೆ ನಡೆಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಂದು ರೊಟ್ಟಿ ತಿನ್ನುವಾಗ ನನಗೆ ಸಂಕಟವಾಯಿತು. ಆಶೀರ್ವಾದದ ನಂತರ ಹಿರಿಯರೊಬ್ಬರ ಬಳಿ ಹೋಗಿ, ಅಣ್ಣಾ, ಆ ಮೂವರು ತೆಗೆದುಕೊಳ್ಳದೆ ಹೋದರು ಎಂದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಯ್ಯನವರಿಗೆ ಹೇಳುತ್ತೇನಮ್ಮಾ, ನೀವೂ ಹೇಳಿ ಎಂದರು. ನಾನೂ ಹೇಳಿದೆ.

ಈ ಸಭೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವಿಜ್ಞಾಪನೆಯ ಭಾಗ. ಬಹಳ ಕಡೆ ಇದು ಲೋಕಕ್ಕಾಗಿ, ದೇಶಕ್ಕಾಗಿ, ಅಧಿಕಾರಿಗಳಿಗಾಗಿ ಎಂದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಹನ್ನೆರಡು ಹದಿನೈದು ನಿಮಿಷ. ಬಾಗಿಲಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಒಳಗೆ ಬರುವವರು ಪ್ರಾರ್ಥನೆ ಬೇಕಾದವರ ಹೆಸರನ್ನು ಅದರಲ್ಲಿ ಬರೆಯುತ್ತಾರೆ, ಬರೆಯಲು ಬಾರದವರು ಹೇಳಿ ಬರೆಸುತ್ತಾರೆ, ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದಿ ಸಭೆ ‘ಕರ್ತನೇ, ಆಲಿಸು’ ಎನ್ನುತ್ತದೆ. ಪರೇಲಿನ ಆಸ್ಪತ್ರೆಯಲ್ಲಿರುವವರು, ಊರಿನಲ್ಲಿ ಬಿಟ್ಟುಬಂದ ತಾಯಿ, ಸಂಬಳ ಸಿಗದವರು, ನೈಟ್ ಡ್ಯೂಟಿ ಮುಗಿಸಿ ಮಲಗಿರುವ ನರ್ಸುಗಳು, ಹೀಗೆ ಬರಲಾಗದವರೆಲ್ಲ ಆ ಹೊತ್ತಿನಲ್ಲಿ ಬೆಂಚುಗಳಲ್ಲಿ ಬಂದು ಕುಳಿತಂತಾಗುತ್ತದೆ. ಕಾಣಿಕೆಯ ಒಂದು ಪಾಲು ಇವರಿಗಾಗಿಯೇ ಮೀಸಲು. ಆಶೀರ್ವಾದವಾದ ಮೇಲೆ ನಾಲ್ಕೈದು ಮಂದಿ ಅನ್ನ ಸಾರಿನ ಡಬ್ಬಿಗಳನ್ನು ಹಿಡಿದು ಬಸ್ಸಿನಲ್ಲಿ ಪರೇಲಿಗೆ ಹೋಗಿ ಧರ್ಮಶಾಲೆಗಳಲ್ಲಿಯೂ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನಲ್ಲಿಯೂ ಇರುವ ಕನ್ನಡ ಕುಟುಂಬಗಳಿಗೆ ಕೊಟ್ಟು ಬರುತ್ತಾರೆ. ಯಾವ ಮತದವರೆಂದು ಕೇಳುವುದಿಲ್ಲ. ನಾನು ಎರಡು ಸಲ ಜೊತೆಗೆ ಹೋಗಿದ್ದೆ. ಲಿತುರ್ಗಿಯಾ ಎಂದರೆ ಗ್ರೀಕರ ಪಟ್ಟಣಗಳಲ್ಲಿ ಅನುಕೂಲವುಳ್ಳ ನಾಗರಿಕನು ಸ್ವಂತ ಖರ್ಚಿನಲ್ಲಿ ಜನರಿಗಾಗಿ ಮಾಡುತ್ತಿದ್ದ ಕೆಲಸವೆಂದು ಓದಿದ್ದೆ. ಆ ಮಾತು ಆರಾಧನೆಯ ಕ್ರಮಕ್ಕೆ ಹೆಸರಾದದ್ದು ಏಕೆಂದು ಡಬ್ಬಿ ಹಿಡಿದು ಬಸ್ಸಿನಲ್ಲಿ ನಿಂತಾಗ ಅರ್ಥವಾಯಿತು.

ಎರಡನೆಯ ತಿಂಗಳ ಮೊದಲ ಭಾನುವಾರ, ಅಂದರೆ ನನ್ನ ಆರನೆಯ ಭೇಟಿಯಂದು, ಸಭಾಪಾಲಕರು ಕೈಗಡಿಯಾರವನ್ನು ಬಿಚ್ಚಿ ಪ್ರಸಂಗಪೀಠದ ಮೇಲಿಟ್ಟು ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿದರು. ಕಾಣಿಕೆ ಕೊಟ್ಟವರ ಹೆಸರುಗಳನ್ನು ಓದಲಿಲ್ಲ. ಫಲಕಕ್ಕೆ ಅಂಟಿಸಿದ್ದರು, ಅದೂ ಬೇಡವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಐದೂಮುಕ್ಕಾಲಿಗೆ ಮೇಜು ಸಿದ್ಧವಾಯಿತು, ಮೊದಲು ಕರೆದದ್ದು ಹಿಂದಿನ ಬೆಂಚಿನವರನ್ನು. ಆ ಮೂವರಲ್ಲಿ ಇಬ್ಬರು ಬಂದಿದ್ದರು. ಮೂರನೆಯವನಿಗೆ ಬಿಡುವು ಸಿಕ್ಕಿರಲಿಲ್ಲ. ಸುಮಾರು 155ರಲ್ಲಿ ಹುತಾತ್ಮ ಜಸ್ಟಿನ್ ರೋಮಿನಲ್ಲಿ ಬರೆದಿಟ್ಟ ಭಾನುವಾರದ ಆರಾಧನೆಯ ವಿವರಣೆಯಲ್ಲಿ, ಬರಲಾರದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆ ಎಂಬ ಮಾತಿದೆ. ನಾನು ಮಾತನಾಡಿಸಿದ್ದ ಆ ಹಿರಿಯರು ಬಿಳಿಯ ಬಟ್ಟೆಯಲ್ಲಿ ಒಂದು ಪಾಲನ್ನು ಸುತ್ತಿಕೊಂಡು ಸಭಾಪಾಲಕರೊಂದಿಗೆ ಹೋಟೆಲಿನ ಹಿಂಬಾಗಿಲಿಗೆ ನಡೆದರು.

ಹೋಗಬಯಸುವವರಿಗೆ ಕೆಲವು ಮಾತು. ನಾಲ್ಕೂಕಾಲಿಗೆ ಮುಟ್ಟಿದರೆ ಹೆಸರು ಬರೆಸಲು ಹೊತ್ತು ಸಿಗುತ್ತದೆ. ಹಾಡಿನ ಪುಸ್ತಕಗಳು ಕಡಿಮೆ, ಮನೆಯದನ್ನು ತನ್ನಿ. ಸದ್ದು ಆಗದವರು ಬಲಗಡೆಯ ಕಿಟಕಿಯ ಪಕ್ಕ ಕೂತರೆ ಒಳ್ಳೆಯದು. ವಯಸ್ಸಾದವರಿಗೆ ಎಂಟು ಮೆಟ್ಟಿಲು ಹತ್ತಬೇಕಾಗುತ್ತದೆ, ಹಿಡಿಯಲು ಕಂಬಿಯಿಲ್ಲ. ಬಾಗಿಲಲ್ಲಿರುವವರನ್ನು ಕರೆದರೆ ಕೈಕೊಡುತ್ತಾರೆ. ಪರೇಲಿಗೆ ಹೋಗುವವರು ಆಶೀರ್ವಾದದ ನಂತರ ಎಡಬದಿಯ ಬಾಗಿಲ ಬಳಿ ಸೇರುತ್ತಾರೆ, ಡಬ್ಬಿ ಹೊರಲು ಯಾವಾಗಲೂ ಒಂದೆರಡು ಕೈ ಕಡಿಮೆಯಿರುತ್ತದೆ.