ಹಳೇ ಪಿಕಪ್‌ಗೆ ಹಾಕಿದ ಮುಂದಿನ ಬ್ರೇಕ್ ಕಿಟ್: ಡಿಸ್ಕ್ ಸೂಪರ್, ಕ್ಲಿಪ್ಪು ಅಷ್ಟಕ್ಕಷ್ಟೆ

ನನ್ ಪಿಕಪ್ ಟ್ರಕ್ ಹಳೇದು, ಬ್ರೇಕ್ ಒತ್ತಿದ್ರೆ ಸಾಕು ಮುಂದಿನಿಂದ ಕರಕರ ಅಂತ ಕಬ್ಬಿಣ ಉಜ್ಜೋ ಸದ್ದು, ಜೊತೆಗೆ ಸ್ಟೇರಿಂಗ್ ಬೇರೆ ನಡುಗ್ತಿತ್ತು, ಬಿಚ್ಚಿ ನೋಡಿದ್ರೆ ಒಳಗಡೆ ಪ್ಯಾಡಲ್ಲಿ (ಡಿಸ್ಕನ್ನ ಒತ್ತಿ ಹಿಡಿಯೋದು) ಏನೂ ಉಳಿದೇ ಇಲ್ಲ, ಚಕ್ರದ ಜೊತೆ ತಿರುಗೋ ಡಿಸ್ಕೂ ಅದರ ಮೇಲೆ ಬರೆದಿರೋ ಮಿನಿಮಮ್ ದಪ್ಪಕ್ಕಿಂತ ಸವೆದು ಹೋಗಿತ್ತು. ಹಾಗಾಗಿ ಎರಡೂ ಇರೋ ಕಿಟ್ಟೇ ತರಿಸ್ದೆ.

ಡಿಸ್ಕ್ ಫಿಟ್ಟಿಂಗ್ ಬಗ್ಗೆ ಮಾತಿಲ್ಲ, ಹಬ್ (ಡಿಸ್ಕ್, ಚಕ್ರ ಕೂರೋ ಭಾಗ) ಮೇಲಿನ ತುಕ್ಕು ವೈರ್ ಬ್ರಷ್ಷಲ್ಲಿ ಉಜ್ಜಿದ್ಮೇಲೆ ಹಂಗೇ ಕೂತ್ಕೊಳ್ತು. ಹೊಸ ಡಿಸ್ಕಿಗೆ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಸವರಿರ್ತಾರೆ, ಬ್ರೇಕ್ ಕ್ಲೀನರ್ ಹೊಡೆದು ಒರೆಸ್ಲೇಬೇಕು, ಜೊತೆಗೆ ಬಂದ ಚೀಟಿಲಿ ಅದರ ಸುದ್ದಿನೇ ಇಲ್ಲ. ಪ್ಯಾಡ್ ಕೂತು ಜಾರ್ಬೇಕಾದ ಕ್ಲಿಪ್ ಮಾತ್ರ ತಲೆನೋವು, ಎಷ್ಟು ಬಿಗಿ ಅಂದ್ರೆ ಪ್ಯಾಡ್ ಅಲ್ಲಾಡ್ತಾನೇ ಇರ್ಲಿಲ್ಲ, ಬ್ರಾಕೆಟ್ಟಿನ ತುಕ್ಕೆಲ್ಲಾ ಅರದಲ್ಲಿ ಕೆರೆದೆ, ಆದ್ರೂ ಆಗ್ಲಿಲ್ಲ, ಕೊನೆಗೆ ಹಳೇ ಕ್ಲಿಪ್ಪನ್ನೇ ತೊಳೆದು ಹಾಕ್ದೆ. ಕೊಟ್ಟಿರೋ ಗ್ರೀಸ್ ಪ್ಯಾಕೆಟ್ ಒಂದು ಪಿನ್ನಿಗೂ ಸಾಲಲ್ಲ.

ಪ್ಯಾಡನ್ನ ಒತ್ತೋ ಪಿಸ್ಟನ್ನನ್ನ ಸಿ-ಕ್ಲಾಂಪಲ್ಲಿ ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ಮೇಲೆ ಒಂದು ಕಣ್ಣಿಟ್ಟಿರಿ, ನಂದು ಉಕ್ಕಿ ಪೇಂಟ್ ಮೇಲೆ ಬಿದ್ದು ಪೇಂಟ್ ಎದ್ದೋಯ್ತು (ಅದು ಕಿಟ್ ತಪ್ಪಲ್ಲ ಬಿಡಿ, ನಂದೇ). ಕ್ಯಾಲಿಪರ್ರನ್ನ (ಆ ಪಿಸ್ಟನ್ ಇರೋ ಭಾಗ) ಬ್ರೇಕ್ ಹೋಸಲ್ಲಿ ನೇತಾಡೋಕೆ ಬಿಡ್ಬೇಡಿ, ತಂತಿಲಿ ಕಟ್ಟಿ. ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿ ಆಗೋವರ್ಗೂ ಪಂಪ್ ಮಾಡಿ, ನಂಗೆ ಮೊದಲನೇ ಸಲ ಸೀದಾ ಕೆಳಗಿಳಿದು ಎದೆ ಧಸಕ್ ಅಂತು.

ಎರಡು ತಿಂಗಳಾಯ್ತು, ನಡುಕ ಇಲ್ಲ, ಲೋಡ್ ಇದ್ರೂ ನೀಟಾಗಿ ನಿಲ್ಲುತ್ತೆ, ಬೆಳಿಗ್ಗೆ ಮೊದಲ ಬ್ರೇಕಿಗೆ ಮಾತ್ರ ಸ್ವಲ್ಪ ಕೀಂಯ್ ಅನ್ನುತ್ತೆ. 5ಕ್ಕೆ 4, ಒಂದು ಕಟ್ ಮಾಡಿದ್ದು ಆ ಕ್ಲಿಪ್ಪಿಗೆ.