ಪೈಥಾನ್ ಹಳೆಯದಾದಾಗ: ಮೂರು ದಾರಿಗಳ ಹೋಲಿಕೆ

ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) 5.0ಕ್ಕೆ ಕನಿಷ್ಠ ಪೈಥಾನ್ 3.10 ಬೇಕು, ನಿಮ್ಮ ಸರ್ವರ್‌ನಲ್ಲಿ 3.8 ಇದೆ. ಹಳೇ ಜಾಂಗೋದಲ್ಲೇ ಉಳಿಯಬೇಕಾ, ಪೈಥಾನ್ ಏರಿಸಬೇಕಾ, ಕಂಟೇನರ್‌ಗೆ (ಆ್ಯಪ್ ಮತ್ತು ಅದಕ್ಕೆ ಬೇಕಾದ ಪೈಥಾನ್ ಎಲ್ಲ ಒಟ್ಟಿಗೆ ಇರುವ ಪ್ರತ್ಯೇಕ ಡಬ್ಬಿ) ಹೋಗಬೇಕಾ ಎಂದು ಕೇಳಿದ್ದೀರಿ.

ಶ್ರಮ ನೋಡಿದರೆ ಉಳಿಯುವುದೇ ಸುಲಭ. ಆವೃತ್ತಿ ಹೇಳದಿದ್ದರೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಟೂಲ್) ತಾನೇ ಪೈಥಾನ್ 3.8ಕ್ಕೆ ಹೊಂದುವ ಜಾಂಗೋ 4.2 ಸರಣಿಯನ್ನು ಆರಿಸುತ್ತದೆ. ಕಂಟೇನರ್ ಮೊದಲ ಸಲ ಕಲಿಯುವವರಿಗೆ ಜಾಸ್ತಿ ಕೆಲಸ.

ಭದ್ರತೆಯಲ್ಲಿ ಲೆಕ್ಕ ತಿರುಗುತ್ತದೆ. 3.8ಕ್ಕೆ ತಿದ್ದುಪಡಿ ಬರುವುದು 2024ರ ಅಕ್ಟೋಬರ್‌ನಲ್ಲೇ ನಿಂತಿತು. ಇಂಟರ್ನೆಟ್‌ಗೆ ತೆರೆದಿರುವ ಸೈಟ್ ಆದರೆ ಉಳಿಯಬೇಡಿ. ಒಳಗಿನ ಬಳಕೆಯದು, ಸದ್ಯದಲ್ಲೇ ಮುಚ್ಚುವುದು ಅಂತಾದರೆ ಸುಮ್ನೆ ಯಾಕೆ ಕೈ ಹಾಕಬೇಕು?

ಏರಿಸುವುದಾದರೆ ಒಂದು ಎಚ್ಚರ: ಲಿನಕ್ಸ್‌ನ ಸ್ವಂತ ಪೈಥಾನ್ ಮುಟ್ಟಬೇಡಿ, ಅದನ್ನೇ ನಂಬಿದ ಸಿಸ್ಟಮ್ ಟೂಲ್‌ಗಳು ಕೆಡಬಹುದು. ಪಕ್ಕದಲ್ಲಿ ಇನ್ನೊಂದನ್ನು ಹಾಕಿ, ವರ್ಚುವಲ್ ಎನ್ವಿರಾನ್‌ಮೆಂಟ್ (ಆ್ಯಪ್‌ನ ಪ್ಯಾಕೇಜ್‌ಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಹೊಸದಾಗಿ ಮಾಡಿ. ಒಂದೇ ಆ್ಯಪ್ ಇದ್ದರೆ ನಾನು ಇದನ್ನೇ ಹೇಳುವುದು.

ಒಂದೇ ಸರ್ವರ್‌ನಲ್ಲಿ ಹಲವು ಆ್ಯಪ್, ಒಂದೊಂದಕ್ಕೆ ಒಂದೊಂದು ಆವೃತ್ತಿ ಇದ್ದರೆ ಕಂಟೇನರ್ ವಾಸಿ. ಕೈಕೊಟ್ಟರೆ ಹಳೇ ಇಮೇಜ್‌ಗೆ (ಕಂಟೇನರ್ ಶುರುವಾಗುವ ಸಿದ್ಧ ಅಚ್ಚು) ಮರಳಬಹುದು. ಆದರೆ ಇಮೇಜನ್ನು ಆಗಾಗ ಹೊಸದಾಗಿ ಕಟ್ಟದಿದ್ದರೆ ಅದರೊಳಗಿನ ಪೈಥಾನ್ ಕೂಡ ಹಳೆಯದಾಗುತ್ತದೆ, ಅಲ್ವಾ?